ಕೇಳುವ ಕಲ್ಲು

ಬಸ್ಸು ಕೊಳಗಲ್ಲು ದಾಟುವ ಹೊತ್ತಿಗೆ, ತಾನು ಇಬ್ಬರಿಗೂ ತಲೆಯಾಡಿಸಿಬಿಟ್ಟಿದ್ದೇನೆ ಎಂಬುದು ಸುಭಾಷನನ್ನು ಕಾಡತೊಡಗಿತು. ನಿನ್ನೆ ಸಂಜೆ ನಳದ ಹತ್ತಿರ ಕೊಡ ಎತ್ತಿಕೊಡುವಾಗ ಅವ್ವ ಸುಂಕಮ್ಮ ಅವನ ಕಿವಿಗೆ ಬಾಯಿ ತಂದು, “ಬಂತು ಅನ್ನಲೇ. ಕೇಳಿದ್ರೂ ಕೇಳದಿದ್ರೂ ಬಂತು ಅನ್ನು. ನನ್ನ ಮಗ ಎಲ್ಲೋ ಅದಾನ” ಅಂದಿದ್ದಳು. ಸುತ್ತ ಜನ ಇದ್ದರು, ಬೇಗ ಮುಗಿಯಲಿ ಎಂದು ತಲೆಯಾಡಿಸಿದ್ದ. ಇವತ್ತು ಬೆಳಿಗ್ಗೆ ಅವ್ವ ಬಚ್ಚಲಿಗೆ ಹೋದಾಗ ಕಾಣೆಯಾದ ಅಣ್ಣ ಮಾರೇಶನ ಹೆಂಡತಿ ಹೇಮಾ ಚಹಾ ತಂದುಕೊಟ್ಟು, ಲೋಟವನ್ನು ಬಿಡದೆ ಹಿಡಿದುಕೊಂಡೇ, “ಬರಲಿಲ್ಲ ಅಂತ ಒಂದ್ ಮಾತು ಹೇಳಿಬಿಡು ಸುಭಾಷಾ. ನನಗ ಮತ್ತ ಯಾರೂ ಇಲ್ಲ ಹೇಳೋರು” ಅಂದಿದ್ದಳು. ಲೋಟ ಸುಡುತ್ತಿತ್ತು. ಅದಕ್ಕೂ ತಲೆಯಾಡಿಸಿದ್ದ. ಈಗ ಇಬ್ಬರೂ ಮುಂದಿನ ಸೀಟಿನಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಅವ್ವನ ಬಿಳಿಗೂದಲ ತುರುಬು, ಹೇಮಾಳ ಎಣ್ಣೆ ಹಚ್ಚಿದ ಜಡೆ, ಎರಡೂ ಬಸ್ಸು ಕುಲುಕಿದಾಗಲೆಲ್ಲ ಒಟ್ಟಿಗೇ ಅಲುಗುತ್ತಿದ್ದವು. ಮಗ ನನ್ನ ಕಡೆ ಎಂದು ಒಂದು ತಲೆ, ಮೈದುನ ನನ್ನ ಕಡೆ ಎಂದು ಇನ್ನೊಂದು. ಹಿಂದೆ ಕೂತ ತನಗೆ ಯಾವ ಕಡೆಯೂ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಮತ್ತು ಅದು ಹೊಸದಾಗಿ ಗೊತ್ತಾದದ್ದೂ ಅಲ್ಲ.

ಕುರುಗೋಡಿನ ಗುಡ್ಡಗಳ ಹಿಂದೆ ಒಂದು ಬಂಡೆ ಇದೆ. ಜನ ಅದನ್ನು ಓ ಗುಂಡು ಅನ್ನುತ್ತಾರೆ. ಕಾಣೆಯಾದವರ ಹೆಸರನ್ನು ಅದರ ಒಂದು ಮಗ್ಗುಲಲ್ಲಿ ನಿಂತು ಕೂಗಿದರೆ, ಆ ಮನುಷ್ಯ ಬದುಕಿದ್ದ ಪಕ್ಷದಲ್ಲಿ ಇನ್ನೊಂದು ಮಗ್ಗುಲಲ್ಲಿ ಬಂಡೆ ಆ ಹೆಸರನ್ನು ತಿರುಗಿ ಹೇಳುತ್ತದೆ, ಸತ್ತಿದ್ದರೆ ನುಂಗಿಕೊಳ್ಳುತ್ತದೆ. ದಂಡಿಗೆ ಹೋದ ಗಂಡನನ್ನು ಹುಡುಕುತ್ತ ಬಂದ ಹುಲುಗಮ್ಮ ಎಂಬ ಹೆಂಗಸು ಅಲ್ಲಿ ನಿಂತು ಕೂಗಿ ಕೂಗಿ ದನಿ ಹರಿದುಕೊಂಡಳಂತೆ. ಆಕೆಯ ಮೇಲಿನ ಕನಿಕರಕ್ಕೆ ಕಲ್ಲು ಬಾಯಿ ಬಿಟ್ಟಿತಂತೆ. ಕೂಗಬೇಕಾದವಳು ಹೆಂಡತಿ. ಕೂಗಿದವಳಿಗೆ ಅಲ್ಲಿ ಏನೂ ಕೇಳಿಸುವುದಿಲ್ಲ. ಕೇಳಬೇಕಾದವನು ಗಂಡನ ಮನೆಯ ಗಂಡಸು. ಅವನು ಆಚೆ ಬದಿಯ ಹಾಸುಗಲ್ಲಿನ ಮೇಲೆ ಒಬ್ಬನೇ ಕೂತಿದ್ದು, ಇಳಿದು ಬಂದು, ಬಂತು ಅಥವಾ ಬರಲಿಲ್ಲ ಎಂದು ಒಂದು ಮಾತು ಹೇಳಬೇಕು. ಆ ಮಾತೇ ಕೊನೆ. ಅದರ ಮೇಲೆ ತಾಳಿ ನಿಂತೀತು, ಇಲ್ಲವೇ ಇಳಿದೀತು.

ಜೀನ್ಸ್ ಹೊಲಿಯುವ ಘಟಕದಲ್ಲಿ ಹೇಮಾ ಮಷೀನಿಗೆ ಕೂತು ಎಷ್ಟೋ ಕಾಲವಾಗಿತ್ತು. ಅಲ್ಲಿಯ ಕಟಿಂಗ್ ಮಾಸ್ತರ ವಿರೂಪಾಕ್ಷಿ, ಹೆಂಡತಿ ತೀರಿಕೊಂಡವನು, ಒಂದು ಭಾನುವಾರ ಮನೆಗೇ ಬಂದು ಒಳಗೆ ಕೂತು, ಚಹಾ ಕುಡಿದು, ಹೇಮಾಳನ್ನು ಉಡಿಕೆ ಮಾಡಿಕೊಳ್ಳುತ್ತೇನೆ ಎಂದು ಕೇಳಿದ್ದ. ಸೀರೆ ಉಡಿಸಿ ಮರುಮದುವೆ ಮಾಡಿಕೊಳ್ಳುವುದು ಕೇರಿಗೆ ಹೊಸದಲ್ಲ. ಆದರೆ ಅಲ್ಲೇ ಇದ್ದ ಕೇರಿಯ ಹಿರಿಯ ದುರುಗಪ್ಪ, “ಅಕಿ ಏನ್ ಗಂಡ ಸತ್ತಾಕಿನಾ, ಗಂಡ ಬಿಟ್ಟಾಕಿನಾ? ಅದು ಮೊದಲು ತಿಳೀಲಿ. ಓ ಗುಂಡಿಗೆ ಹೋಗಿ ಬರ್ರಿ” ಎಂದುಬಿಟ್ಟ. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ ಇರುವ ಮನೆಯಲ್ಲಿ ನಿಂತು ಆ ಮಾತು ಹೇಳಿದ್ದ. ಸುಭಾಷ ಆ ಪಟಗಳ ಕೆಳಗೇ ಕೂತಿದ್ದ. ಬುದ್ಧಪೂರ್ಣಿಮೆಗೆ ಕೇರಿಯ ಹುಡುಗರ ಮುಂದೆ ಮೂಢನಂಬಿಕೆಯ ವಿಷಯ ಮಾತಾಡಿದವನು ತಾನೇ. ಎಂಎ ಓದಿದವನು ಏನಾದರೂ ಅಂದಾನು ಎಂದು ವಿರೂಪಾಕ್ಷಿ ಅವನ ಮುಖ ನೋಡಿದ. ಸುಭಾಷ ಲೋಟದ ತಳ ನೋಡಿದ. ಎದ್ದು ಹೋಗುವಾಗ ವಿರೂಪಾಕ್ಷಿ ಚಪ್ಪಲಿ ಮೆಟ್ಟುತ್ತ, ತನಗೇ ಎಂಬಂತೆ, “ಇರ್ಲಿ ಬಿಡ್ರಿ, ಸಾಯೇಬ್ರು ಓದಿದೋರು, ಯೋಚನಿ ಮಾಡ್ತಿರತಾರ” ಅಂದಿದ್ದ. ಅದರಲ್ಲಿ ವ್ಯಂಗ್ಯ ಇತ್ತೋ ಇಲ್ಲವೋ ಎಂದು ಸುಭಾಷ ಎಷ್ಟೋ ದಿನ ತಿರುಗಿಸಿ ತಿರುಗಿಸಿ ನೋಡಿದ್ದ. ಇರಲಿಲ್ಲ ಎಂದು ತೀರ್ಮಾನವಾದ ದಿನ ಇನ್ನೂ ಹೆಚ್ಚು ನೊಂದಿದ್ದ.

ಬಾದನಹಟ್ಟಿಯಲ್ಲಿ ಯಾರೋ ಹತ್ತಿದರು, ಯಾರೋ ಇಳಿದರು. ಅವ್ವ ಹಿಂದೆ ತಿರುಗಿ, “ನಿದ್ದಿ ಮಾಡಬ್ಯಾಡಲೇ, ಇಳಿಯೋದು ಬಂತು” ಅಂದಳು. ನಿದ್ದೆಯೇನೂ ಬಂದಿರಲಿಲ್ಲ. ಕಣ್ಣು ಮುಚ್ಚಿದರೆ ಸಿರುಗುಪ್ಪದ ಅಕ್ಕಿ ಗಿರಣಿಯ ಹೊಟ್ಟಿನ ಧೂಳು ಕಾಣುತ್ತಿತ್ತು, ಅಷ್ಟೆ. ಅಣ್ಣ ಕೌಲ್ ಬಜಾರಿನ ಜೀನ್ಸ್ ವಾಷಿಂಗ್ ಘಟಕಕ್ಕೆ ಬುತ್ತಿ ಕಟ್ಟಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಜಗಳ ಇಲ್ಲ, ಸಾಲ ಇಲ್ಲ, ಕುಡಿತ ಇಲ್ಲ. ಮೊಣಕೈವರೆಗೆ ನೀಲಿ ಹತ್ತಿದ ಕೈಗಳನ್ನು ಉಪ್ಪು ಹಾಕಿ ತಿಕ್ಕಿಕೊಳ್ಳುತ್ತ ಬಚ್ಚಲಲ್ಲಿ ಬಹಳ ಹೊತ್ತು ನಿಲ್ಲುತ್ತಿದ್ದ, ಅದೊಂದೇ. ಒಂದು ವರ್ಷದ ಮೇಲೆ ಯಾರೋ ಅವನನ್ನು ಸಿರುಗುಪ್ಪದಲ್ಲಿ ಗಿರಣಿಯ ಹಮಾಲರ ನಡುವೆ ನೋಡಿದೆವು ಅಂದರು. ಸುಭಾಷ ಹೋದ. ಒಂದೊಂದೇ ಗಿರಣಿಯ ಬಾಗಿಲಲ್ಲಿ ನಿಂತು ಫೋನಿನಲ್ಲಿದ್ದ ಫೋಟೋ ತೋರಿಸಿದ. ಹೊಟ್ಟಿನಿಂದ ಬೆಳ್ಳಗಾದ ಹುಬ್ಬು ರೆಪ್ಪೆಗಳ ಹಮಾಲರು ಫೋಟೋ ಕೈಯಿಂದ ಕೈಗೆ ದಾಟಿಸಿದರು. “ಏ ಇವನಾ, ನಿಮ್ಮ ಮಾವ ಅಲ್ಲೇನಲೇ” ಎಂದು ಒಬ್ಬನು ಮತ್ತೊಬ್ಬನನ್ನು ತಿವಿದ, ಎಲ್ಲರೂ ನಕ್ಕರು, ಸುಭಾಷನೂ ನಕ್ಕ. ನಕ್ಕದ್ದಕ್ಕೆ ನಾಚಿಕೆಯಾಗಿ, ರಸ್ತೆಯ ಕೊನೆಗಿದ್ದ ಇನ್ನೊಂದು ಗಿರಣಿಗೆ ಹೋಗಲು ಕಾಲು ಬರಲಿಲ್ಲ. ಅದರ ನೀಲಿ ಗೇಟು ಕಾಣುತ್ತಿತ್ತು. ಗೇಟಿನ ಒಳಗೆ ಯಾರೋ ಚೀಲ ಹೊತ್ತು ನಡೆಯುತ್ತಿದ್ದುದೂ ಕಾಣುತ್ತಿತ್ತು. ಬಸ್ಸು ಬಂತು, ಹತ್ತಿದ. ಮನೆಯಲ್ಲಿ ಎಲ್ಲಾ ಕಡೆ ಕೇಳಿದೆ ಅಂದ. ಅವ್ವ ನಂಬಿದಳು. ಅವನು ಹೇಳಿದ್ದನ್ನು ಅವ್ವ ಯಾವಾಗಲೂ ನಂಬುತ್ತಿದ್ದಳು. ಅವನು ಅಷ್ಟು ಕಡಿಮೆ ಹೇಳುತ್ತಿದ್ದ.

ಕುರುಗೋಡಿನಲ್ಲಿ ಇಳಿದು, ಆಟೋದವನು ಒಪ್ಪಿದಷ್ಟು ದೂರ ಹೋಗಿ, ಅಲ್ಲಿಂದ ನಡೆಯಬೇಕಾಯಿತು. ಜಾಲಿ, ಕಾರೆ ಮುಳ್ಳು, ನಡುವೆ ಕಾಲುದಾರಿ. ಗುಡ್ಡ ಅನ್ನುವುದಕ್ಕಿಂತ ಗುಂಡುಗಳ ರಾಶಿ. ಯಾರೋ ಪೇರಿಸುತ್ತಿದ್ದವರು ಊಟಕ್ಕೆ ಎದ್ದುಹೋಗಿ ಮತ್ತೆ ಬಾರದೇ ಇದ್ದಹಾಗೆ ಒಂದರ ಮೇಲೊಂದು ಓರೆಯಾಗಿ ಕೂತ ಬಂಡೆಗಳು. ಈ ದಾರಿಯಲ್ಲಿ ಅವನು ಒಮ್ಮೆ ಬಂದಿದ್ದ. ಜಪಾನಿನಿಂದ ಬಂದಿದ್ದ ಚಿಹಾರು ಎಂಬ ಹೆಂಗಸಿಗೆ ದಾರಿ ತೋರಿಸಲು, ಇಂಗ್ಲಿಷ್ ಬರುತ್ತದೆ ಎಂದು, ಕಾಲೇಜಿನ ಮೇಷ್ಟ್ರೊಬ್ಬರು ಅವನನ್ನು ಕಳಿಸಿದ್ದರು. ದನಿ ಮರಳಿಸುವ ಕಲ್ಲುಗಳನ್ನು ಹುಡುಕಿಕೊಂಡು ದೇಶ ದೇಶ ತಿರುಗುವವಳು. ಮನೆಗೆ ಊಟಕ್ಕೆ ಕರೆದಿದ್ದಾಗ ಅವ್ವ ಅವಳನ್ನು ಚಿಯಾರಮ್ಮ ಎಂದು ಕರೆದು, ಇನ್ನೊಂದು ರೊಟ್ಟಿ ಇನ್ನೊಂದು ರೊಟ್ಟಿ ಎಂದು ಅಳಿಸಿಬಿಡುವಷ್ಟು ಬಡಿಸಿದ್ದಳು. ಓ ಗುಂಡಿನ ಕೂಗುವ ಮಗ್ಗುಲಲ್ಲಿ ಚಿಹಾರು ಅವನನ್ನು ನಿಲ್ಲಿಸಿ, ಏನಾದರೂ ಮಾತಾಡು, ಏನಾದರೂ ಸರಿ, ಎಂದು ಹೇಳಿ ತಾನು ಆಚೆ ಹೋಗಿದ್ದಳು. ಅವನಿಗೆ ಒಂದು ಮಾತೂ ಹೊಳೆಯಲಿಲ್ಲ. ಕಲ್ಲಿನ ಮುಂದೆಯೂ ಸಂಕೋಚ. ಬಹಳ ಹೊತ್ತಾದ ಮೇಲೆ ಅವಳೇ ಬಂದು, ಬೈಯದೆ, ನೀನು ನಿಂತುಕೊಂಡದ್ದು ಕೇಳಿಸಿತು ಎಂದು ನಕ್ಕಳು. ಆಮೇಲೆ ಜಾಗ ಬದಲಿಸಿ ಅವಳು ಕೂಗಿದಳು, ಅವನು ಕೇಳಿದ. ಅರ್ಥವಾಗದ ಭಾಷೆಯ ಮಾತುಗಳು, ಬಂಡೆಯ ಹೊಟ್ಟೆಯೊಳಗೆ ಯಾರೋ ಕೂತು ನಿಧಾನವಾಗಿ ಓದುತ್ತಿರುವಂತೆ, ತೊಳೆದಿಟ್ಟ ಹಾಗೆ ಬಂದಿದ್ದವು.

ತನ್ನ ಅಜ್ಜಿಯ ಊರಲ್ಲೂ ಇಂಥದ್ದೇ ಒಂದು ಬಂಡೆ ಇದೆ, ಹೇಳುವ ಜಾಗ ಬೇರೆ, ಕೇಳುವ ಜಾಗ ಬೇರೆ ಎಂದು ಚಿಹಾರು ಇಳಿಯುವಾಗ ಹೇಳಿದ್ದಳು. ಸಮುದ್ರಕ್ಕೆ ಹೋಗಿ ಬಾರದ ಗಂಡಸರ ಹೆಂಡಿರು ಅಲ್ಲಿ ಬಂದು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದರಂತೆ. ಆಚೆ ಒಬ್ಬರು ಕೂತು ಕೇಳಬೇಕು, ಇಲ್ಲದಿದ್ದರೆ ಕಲ್ಲಿಗೆ ಭಾರವಾಗುತ್ತದೆ. ಆದರೆ ಕೇಳಿದವರು ಅದನ್ನು ಯಾರಿಗೂ ಹೇಳುವಂತಿಲ್ಲ; ಹೇಳಿದರೆ ಅವರ ಬಾಯಿ ಕಲ್ಲಾಗುತ್ತದೆ. ಸುಭಾಷನಿಗೆ ಆಗ ಅದು ಬರೀ ಕಥೆ. ಈಗ, ಬೆವರು ಕಣ್ಣಿಗಿಳಿದು ಉರಿಯುತ್ತಿರುವಾಗ, ಆ ಊರಿನ ಮೇಲೆ ಹೊಟ್ಟೆಕಿಚ್ಚಾಯಿತು. ಅಲ್ಲಿ ಕೇಳಿದವನು ಸುಮ್ಮನೆ ಎದ್ದು ಮನೆಗೆ ಹೋಗಬಹುದು. ಅಲ್ಲಿ ತಾನು ಹುಟ್ಟಿದ್ದರೆ ಒಳ್ಳೆಯವನೆನಿಸಿಕೊಳ್ಳುತ್ತಿದ್ದೆ ಎಂದುಕೊಂಡ.

ಬಂಡೆಯ ಬುಡದಲ್ಲಿ ಪಕ್ಕೀರಮ್ಮ ಕೂತಿದ್ದಳು. ಬಂದವರಿಗೆ ಕ್ರಮ ಹೇಳಿಕೊಡುವ ಮುದುಕಿ, ಎಲೆಯಡಿಕೆಯ ಬಾಯಿ. ಇವರನ್ನು ನೋಡಿ ಏಳಲಿಲ್ಲ.

“ಯಾವೂರವ್ವಾ?”

“ಬಳ್ಳಾರಿ” ಅಂದಳು ಅವ್ವ.

“ಬಳ್ಳಾರ್ಯಾಗ ಅಷ್ಟ್ ದೊಡ್ಡ ಗುಡ್ಡ ಇಟಗೊಂಡು ಇಲ್ಲಿಗ್ ಬಂದೀರಿ. ಅದು ಮಾತಾಡಂಗಿಲ್ಲೇನು?” ಪಕ್ಕೀರಮ್ಮ ತನ್ನ ಮಾತಿಗೆ ತಾನೇ ನಕ್ಕು ಹೇಮಾಳನ್ನು ಮೇಲೆ ಕೆಳಗೆ ನೋಡಿದಳು. “ಕೂಗಾಕಿ ನೀನಾ? ಹೆಸರು ಗೊತ್ತೈತಿಲ್ಲ ಗಂಡನದು?”

ಹೇಮಾ ತಲೆ ತಗ್ಗಿಸಿದಳು. ಗೊತ್ತಿರದೆ ಏನು. ಆದರೆ ಅವಳು ಆ ಹೆಸರು ಹೇಳಿದ್ದನ್ನು ಸುಭಾಷ ಕೇಳಿಯೇ ಇರಲಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಕಡೆ ನೋಡುತ್ತಿದ್ದಳು. ಪೊಲೀಸ್ ಠಾಣೆಯಲ್ಲಿ, ಕಾಣೆಯಾದವನ ಹೆಸರೇನಮ್ಮ ಎಂದು ಬರೆದುಕೊಳ್ಳುವವನು ಕೇಳಿದಾಗಲೂ ಅವಳು ಸುಭಾಷನ ತೋಳು ಮುಟ್ಟಿದ್ದಳು, ನೀ ಹೇಳು ಎಂಬಂತೆ. ಅವನು ಹೇಳುವ ಹೊತ್ತಿಗೆ ಆ ಮನುಷ್ಯ ಆಕಳಿಸಿದ್ದ.

“ಗಂಡನ ಹೆಸರು ಹೇಳಿದ್ರ ಇವತ್ತು ಇಲ್ಲಿ ದೋಷ ಇಲ್ಲ. ಬಾಯ್ತುಂಬ ಕೂಗು” ಅಂದಳು ಪಕ್ಕೀರಮ್ಮ. “ಒಂದ ಸಲ. ಗಾಳಿಗುಂಟ ಬಂದಿದ್ದು ಲೆಕ್ಕಿಲ್ಲ, ಕಲ್ಲಿನ ಬಾಯಾಗ ಬಂದಿದ್ದಷ್ಟ ಲೆಕ್ಕ. ಕೇಳಾಂವ ಎಲ್ಲಿ? ನೀನಾ? ಅಲ್ಲಿಗ್ ಹೋಗಿ ಕೂತಮ್ಯಾಲೆ ಬಾಯಿ ಬಿಡಂಗಿಲ್ಲಪಾ. ಇಳಿದು ಬಂದು ಒಂದ ಮಾತು.”

“ಅದೊಂದ್ ಚಿಂತಿ ಇಲ್ಲಬೇ” ಅಂದಳು ಅವ್ವ. “ಇವಗ ಬಾಯಿ ಬಿಡಸೋದ ಕಷ್ಟ, ಮುಚ್ಚಸೋದಲ್ಲ.”

ಹೇಮಾ ಕೂಡ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣು ಅವನ ಕಡೆ ತಿರುಗಿಸಿ. ಆ ಕಣ್ಣಲ್ಲಿ ಬೆಳಗಿನ ಲೋಟ ಇತ್ತು.

ಅವನು ಬಂಡೆಯನ್ನು ಸುತ್ತಿ ಆಚೆ ಹೋದ. ಹಾಸುಗಲ್ಲು ಆಗಲೇ ಕಾದಿತ್ತು. ಎದುರಿಗೆ ಓ ಗುಂಡು, ಮುಂದಕ್ಕೆ ಬಾಗಿದ ಬೋಳು ಎದೆ, ಅಡ್ಡಲಾಗಿ ಒಂದು ಸೀಳು. ಕಪ್ಪು ಹಸಿರು ಪಾಚಿಯ ಹಳೆಯ ಗೀರುಗಳು. ದೂರದಲ್ಲಿ ಎಲ್ಲೋ ಕಲ್ಲು ಒಡೆಯುವ ಮಷೀನು ಕೆಮ್ಮಿ ನಿಂತಿತು. ಏನು ಹೇಳಲಿ ಎಂದು ಕೇಳಿಕೊಂಡ. ದನಿ ಬಂದರೆ ಬಂತು ಅನ್ನಬಹುದು, ಅದು ನಿಜವೂ ಆಗುತ್ತದೆ, ಹೇಮಾ ಮಷೀನಿನ ಮುಂದೆ ಮುದುಕಿಯಾಗುತ್ತಾಳೆ. ಬರಲಿಲ್ಲ ಅಂದರೆ ಅವ್ವನ ಎದುರಿಗೆ ಅವ್ವನ ಮಗನನ್ನು ತಾನೇ ಮಣ್ಣು ಮಾಡಿದಂತೆ. ಇದು ಕಲ್ಲು, ಬರೀ ಕಲ್ಲು, ದನಿ ಬಡಿದು ಮರಳುವುದಕ್ಕೂ ಮನುಷ್ಯ ಬದುಕಿರುವುದಕ್ಕೂ ಸಂಬಂಧವಿಲ್ಲ ಎಂದು ಎದ್ದು ನಿಂತು ಹೇಳಿಬಿಡುವ ಮೂರನೆಯ ದಾರಿಯೂ ಇತ್ತು. ಅದನ್ನು ಹೇಳಬೇಕಾದದ್ದು ಅಂದು ಪಟಗಳ ಕೆಳಗೆ. ಇಲ್ಲಿ ಕೂತು ಹೇಳಿದರೆ ಬಿಸಿಲಿಗೆ ಹೆದರಿದವನ ಮಾತಿನಂತೆ ಕೇಳೀತು. ಅವನಿಗೆ ಸುಸ್ತಾಗಿತ್ತು. ಯಾರಾದರೂ ಬಂದು ನಿನ್ನ ಬದಲಿಗೆ ನಾನು ಕೇಳುತ್ತೇನೆ ಅಂದರೆ ಎದ್ದು ಕಾಲಿಗೆ ಬೀಳುತ್ತಿದ್ದ.

ಆಗ ಕೂಗು ಬಂತು. ಎಡಗಡೆಯಿಂದ, ಗುಡ್ಡವನ್ನು ಬಳಸಿ, ಗಾಳಿಯ ಮೇಲೆ. ತೆಳ್ಳಗೆ, ಹೊಲದಲ್ಲಿ ತಪ್ಪಿಸಿಕೊಂಡ ಕರುವನ್ನು ಕರೆಯುವ ಹಾಗೆ.

“ಮಾರೇಶಾ...!”

ಆ ಹೆಸರು ಅವಳ ಬಾಯಲ್ಲಿ ಬೇರೆಯೇ ಹೆಸರಾಗಿತ್ತು. ಅಣ್ಣ ಅನ್ನುವ ಮನುಷ್ಯ ಅದರಲ್ಲಿ ಎಲ್ಲೂ ಇರಲಿಲ್ಲ. ಯಾರೋ ಒಬ್ಬ ಗಂಡಸು ಇದ್ದ, ಅವಳಿಗಷ್ಟೇ ಗೊತ್ತಿದ್ದವನು. ಒಂದು ಉಸಿರಿನ ಬಿಡುವು. ನಂತರ, ಕ್ರಮ ಮುರಿದು, ದನಿ ಇನ್ನೂ ಎತ್ತರವಾಯಿತು.

“ಎಲ್ಲಿ ಹೋಗೀಯಲೇ! ಮಾರೇಶಾ! ಹೇಳಿ ಹೋಗಾಕ ನಿನಗೇನ್ ಬ್ಯಾನಿ ಬಂದಿತ್ತಲೇ!”

ಹಿಂದೆಯೇ ಪಕ್ಕೀರಮ್ಮನ ಗದರು, ಅವ್ವನ ಅಯ್ಯಯ್ಯೋ, ಎಲ್ಲ ಗಾಳಿಯಲ್ಲಿ ಚೂರು ಚೂರಾಗಿ. ಅವನು ಬಂಡೆಯ ಸೀಳನ್ನೇ ನೋಡಿದ. ಕಾದ. ಉಸಿರು ಹಿಡಿದು ಕಾದ. ಚಿಹಾರುವಿನ ಅರ್ಥವಾಗದ ಮಾತುಗಳನ್ನು ಅಷ್ಟು ನಿಚ್ಚಳವಾಗಿ ಹೇಳಿದ್ದ ಕಲ್ಲು ಈಗ ಕಲ್ಲಿನ ಹಾಗೆ ಇತ್ತು. ಗಾಳಿ ಆ ಕಡೆಗೆ ಬೀಸುತ್ತಿರಬಹುದು. ಹೇಮಾ ಮುಖ ಬೇರೆ ಕಡೆ ಮಾಡಿ ನಿಂತಿರಬಹುದು. ಕಲ್ಲು ಒಡೆಯುವವರು ಹಿಂಬದಿಯಲ್ಲಿ ಏನಾದರೂ ಕಿತ್ತು ಹಾಕಿರಬಹುದು. ಒಂದೊಂದೇ ಕಾರಣ ಎತ್ತಿ ಇಟ್ಟ, ಎಲ್ಲವೂ ಸರಿಯಾದ ಕಾರಣಗಳೇ. ಸೀಳಿನೊಳಗಿಂದ ಒಂದು ಓತಿಕ್ಯಾತ ಹೊರಬಂದು, ತಲೆ ಎತ್ತಿ, ಅವನನ್ನು ನೋಡಿ, ತಿರುಗಿ ಒಳಗೆ ಹೋಯಿತು. ಬಂಡೆ ಏನೂ ಅನ್ನಲಿಲ್ಲ.

ಇಳಿದು ಬರುವಾಗ ಮುಖವನ್ನು ಯಾವ ಥರ ಇಟ್ಟುಕೊಳ್ಳಬೇಕು ಎಂದು ತಿಳಿಯಲಿಲ್ಲ. ಮೂವರು ಹೆಂಗಸರೂ ದಾರಿಯ ಕಡೆ ಮುಖ ಮಾಡಿ ನಿಂತಿದ್ದರು. ಅವ್ವ ಕೈ ಜೋಡಿಸಿಕೊಂಡಿದ್ದಳು, ಅವನಿಗೇ ಎಂಬಂತೆ. ಹೇಮಾಳ ಕುತ್ತಿಗೆ ಬೆವರಿನಿಂದ ಹೊಳೆಯುತ್ತಿತ್ತು. ಜಡೆ ಬಿಚ್ಚಿ ಕೂದಲು ಹೆಗಲ ಮೇಲೆ ಬಿದ್ದಿತ್ತು. ಅವಳು ಅವನ ಮುಖ ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿದಳು. ಸುಭಾಷ ಇನ್ನೂ ಬಾಯಿ ತೆರೆದಿರಲಿಲ್ಲ.

“ಬಂತು ಅತ್ತಿ” ಅಂದಳು ಹೇಮಾ. “ನನಗ ಕೇಳ್ತು.”

“ಕೂಗಿದಾಕಿಗೆ ಕೇಳಂಗಿಲ್ಲವ್ವಾ” ಪಕ್ಕೀರಮ್ಮ ಎಲೆಯ ರಸ ಉಗುಳಿದಳು. “ನಮ್ಮವ್ವನ ಕಾಲದಿಂದ ಕೇಳಿಲ್ಲ.”

“ನನಗ ಕೇಳ್ತು ಅಂದ್ರ ಕೇಳ್ತು.”

“ಗಂಡಗ ಲೇ ಅಂದಾಕಿ ನೀನು. ನಿನಗ ಏನ್ ಬೇಕಾದ್ರೂ ಕೇಳಿಸ್ತೈತಿ ಬಿಡು. ಏ ತಮ್ಮಾ, ಕೇಳಾಂವ ನೀ, ನೀ ಹೇಳು.”

ಸುಭಾಷ ಅವ್ವನ ಕಡೆ ನೋಡಿದ. ನಿನ್ನೆ ಅಷ್ಟು ಧೈರ್ಯವಾಗಿ ಸುಳ್ಳು ಹೇಳಿಕೊಟ್ಟವಳು ಈಗ ಸುಳ್ಳಿನ ನೆನಪೇ ಇಲ್ಲದವಳಂತೆ, ನಿಜ ಕೇಳಲಿಕ್ಕೆ ನಿಂತಂತೆ ನಿಂತಿದ್ದಳು. ಅವನಿಗೆ ಒಂದೂ ಅರ್ಥವಾಗಲಿಲ್ಲ. ಬೆಳಿಗ್ಗೆ ಬರಲಿಲ್ಲ ಅನ್ನು ಎಂದವಳು ಈಗ ಯಾಕೆ ಹೀಗೆ? ಹೇಮಾ ಅವನನ್ನು ನೋಡುತ್ತಿರಲಿಲ್ಲ. ಬಿದ್ದ ಕೂದಲನ್ನು ಎರಡೂ ಕೈಯಲ್ಲಿ ಒಟ್ಟು ಮಾಡಿ ಗಂಟು ಹಾಕಿಕೊಳ್ಳುತ್ತಿದ್ದಳು.

“ಬಂತು” ಅಂದ ಸುಭಾಷ.

ಅವ್ವ ಅಲ್ಲೇ ನೆಲದ ಮೇಲೆ ಕೂತಳು. ಕುಸಿದದ್ದಲ್ಲ, ಬುಟ್ಟಿ ಇಳಿಸಿ ಕೂತ ಹಾಗೆ. ಮಣ್ಣು ತೆಗೆದು ಹಣೆಗೆ ಒತ್ತಿಕೊಂಡಳು. ಬಹಳ ಹೊತ್ತು ಅತ್ತಳು. ಪಕ್ಕೀರಮ್ಮ ಒಂದು ಎಲೆ ಮಡಿಸಿ ಅವಳ ಕೈಗಿಟ್ಟಳು. ಅಳು ನಿಂತು ಮೂಗು ಒರೆಸಿಕೊಳ್ಳುವಾಗ ಹೇಮಾ ಎದುರಿಗೆ ಕೂತು, ಮೆಲ್ಲಗೆ, ಮನೆಯಲ್ಲಿ ಅಡುಗೆ ಏನು ಮಾಡಲಿ ಎಂದು ಕೇಳುವ ದನಿಯಲ್ಲಿ ಅಂದಳು:

“ಅತ್ತಿ, ಅದಾನ. ಅದಾನ ಅಂದಮ್ಯಾಲೆ ಬರಬೇಕಿತ್ತು. ಕಾಲೈತಿ, ಹಾದಿ ಗೊತ್ತೈತಿ, ಬರಲಿಲ್ಲ. ನಾ ಇನ್ನ ಹಾದಿ ನೋಡಂಗಿಲ್ಲ. ದುರುಗಪ್ಪ ಮಾವಗ ಏನ್ ಹೇಳ್ತಿ ಹೇಳು. ಗಂಡ ಸತ್ತಾಕಿ ಅನ್ನಬ್ಯಾಡ್ರಿ. ಗಂಡ ಬಿಟ್ಟಾಕಿ ಅನ್ರಿ.”

ಈಗ ಬೈಗುಳ ಬರುತ್ತದೆ ಎಂದು ಸುಭಾಷ ಕಾದ. ಅವ್ವ ಎಲೆ ಬಾಯಿಗಿಟ್ಟುಕೊಂಡು ಅಗಿದಳು. ಸೊಸೆಯ ಮುಖದ ಮೇಲೆ ಅಂಟಿಕೊಂಡಿದ್ದ ಕೂದಲೆಳೆಯನ್ನು ಬೆರಳಿನಿಂದ ಎಳೆದು ಹಿಂದೆ ಹಾಕಿದಳು.

“ನಾ ಹೇಳ್ತೀನಿ ಅವಗ” ಅಂದಳು. “ನೀ ಹೋಗ್ತಿ ಅಂತ ನನಗೇನ್ ಸಂಕಟ ಇದ್ದಿಲ್ಲಬೇ. ಅವನ್ನ ಸಾಯಿಸಿ ಹೋಗ್ತಿ ಅಂತ ಹೆದರಿದ್ದೆ. ಬದುಕ್ಯಾನಲ್ಲ, ಸಾಕು. ಹೋಗು. ಸೀರಿ ನಾ ಆರಿಸ್ತೀನಿ, ಆ ಮಾಸ್ತರ ಕೈಯಾಗ ಬಿಟ್ರ ಜೀನ್ಸ್ ಬಟ್ಟೀದ ತಂದಾನು.”

ಪಕ್ಕೀರಮ್ಮ ಕೆಮ್ಮು ಹತ್ತುವಷ್ಟು ನಕ್ಕಳು. ಹೇಮಾ ಅತ್ತೆಯ ಮಡಿಲಲ್ಲಿ ಮುಖವಿಟ್ಟಳು. ಅವಳ ಬೆನ್ನು ಅಲುಗುತ್ತಿದ್ದದ್ದು ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಸುಭಾಷ ಸ್ವಲ್ಪ ದೂರ ನಿಂತಿದ್ದ. ತಾನು ದಾರಿಯುದ್ದಕ್ಕೂ ಹೊತ್ತು ತಂದಿದ್ದ ಆಯ್ಕೆಯನ್ನು ಈ ಇಬ್ಬರು ಹೆಂಗಸರು ತಮ್ಮೊಳಗೇ ಹಂಚಿಕೊಂಡು ಮುಗಿಸಿದ್ದರು. ಹೇಮಾ ಅವನ ಮುಖದಲ್ಲಿ ಬರಲಿಲ್ಲ ಎಂಬುದನ್ನು ಓದಿಯೇ ಬಂತು ಎಂದಳು ಎಂಬುದು ಅವನಿಗೆ ಈಗ ಹೊಳೆಯಿತು. ಅವ್ವನಿಗೆ ಮಗನನ್ನು ಉಳಿಸಿಕೊಟ್ಟು, ತನಗೆ ಬೇಕಾದ ಬಾಗಿಲನ್ನು ತಾನೇ ಒದ್ದು ತೆಗೆದಿದ್ದಳು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು? ಅವನು ಬಾಯಿ ತೆರೆಯಲು ತೆಗೆದುಕೊಳ್ಳುವುದಕ್ಕಿಂತ ಕಡಿಮೆ.

ತಿರುಗಿ ಬರುವ ಬಸ್ಸಿನಲ್ಲಿ ಜನ ಬಹಳ. ಅವ್ವ ಕುರುಗೋಡಿನಲ್ಲಿ ಮಿರ್ಚಿ ಕಟ್ಟಿಸಿಕೊಂಡಿದ್ದಳು. ಹೇಮಾ ಎರಡು ತುತ್ತು ತಿಂದು, ಅತ್ತೆಯ ಹೆಗಲಿಗೆ ಒರಗಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋದಳು. ಸುಭಾಷನಿಗೆ ಅವ್ವನ ಪಕ್ಕ ಅರ್ಧ ಸೀಟು ಸಿಕ್ಕಿತ್ತು. ಅವನಿಗೆ ಏನೂ ಆಗಿರಲಿಲ್ಲ. ಅವನು ಕಲ್ಲನ್ನು ನಂಬುವವನಲ್ಲ. ಆದರೂ ಕಿಟಕಿಯಲ್ಲಿ ಮೆಣಸಿನಕಾಯಿ ಹೊಲಗಳು ಸರಿಯುತ್ತಿರುವಾಗ, ಅಣ್ಣ ಉಪ್ಪು ಹಾಕಿ ಕೈ ತಿಕ್ಕಿಕೊಳ್ಳುತ್ತಿದ್ದ ಎಂದು ಅಂದುಕೊಂಡ; ತಿಕ್ಕಿಕೊಳ್ಳುತ್ತಾನೆ ಎಂದು ತಿದ್ದಲು ನೋಡಿದ, ಆಗಲಿಲ್ಲ. ಸಿರುಗುಪ್ಪದ ಆ ನೀಲಿ ಗೇಟಿನೊಳಗೆ ಚೀಲ ಹೊತ್ತು ನಡೆಯುತ್ತಿದ್ದವನು ಚೀಲ ಇಳಿಸಿ, ತಿರುಗಿ, ಅಣ್ಣನಾಗದೆ ಯಾರೋ ಆಗಿಬಿಟ್ಟ. ನಂಬಿದವರೆಲ್ಲರಿಗೂ ಮಾರೇಶ ಬದುಕಿದ್ದ. ನಂಬದ ತನಗೊಬ್ಬನಿಗೆ ಸತ್ತಿದ್ದ, ಇವತ್ತು, ಬಿಸಿಲಲ್ಲಿ, ಒಂದು ಓತಿಕ್ಯಾತದ ಎದುರಿಗೆ. ಕಣ್ಣು ಒರೆಸಿಕೊಂಡ. ಮಿರ್ಚಿಯ ಖಾರ ಎಂದುಕೊಂಡ. ಅವನು ಮಿರ್ಚಿ ತಿಂದಿರಲಿಲ್ಲ.

“ಸುಭಾಷಾ” ಅವ್ವ ಮೊಣಕೈಯಿಂದ ತಿವಿದಳು. ಅವಳ ಮುಖ ಚಿಕ್ಕ ಹುಡುಗಿಯ ಮುಖದಂತಿತ್ತು. “ಹೆಂಗ ಬಂತಲೇ ಅದು? ಕಲ್ಲಿನ ಬಾಯಾಗ ಹೆಂಗ ಬಂತು ಹೆಸರು? ನಾ ಕೇಳಲಿಲ್ಲಲ್ಲ. ಒಮ್ಮಿ ಅಂದು ತೋರ್ಸು.”

“ಅವ್ವಾ, ಬಸ್ಸಿನ್ಯಾಗ...”

“ಯಾರ್ ಕೇಳ್ತಾರ, ಅನ್ನಲೇ. ಒಂದ ಸಲ.”

ಅವಳು ಕಣ್ಣು ಮುಚ್ಚಿ ಕಿವಿಯನ್ನು ಅವನ ಕಡೆ ಬಗ್ಗಿಸಿದಳು. ಕಿವಿಯ ತೂತು ಓಲೆಯ ಭಾರಕ್ಕೆ ಉದ್ದವಾಗಿ ಜೋತಿತ್ತು. ಅವನು ಅದರ ಹತ್ತಿರ ಬಾಯಿ ತಂದು ಮೆಲ್ಲಗೆ, “ಮಾರೇಶಾ” ಅಂದ.

ಅವ್ವ ತಲೆಯಲ್ಲಾಡಿಸಿದಳು. “ಹಂಗ ಬಂದಿರಂಗಿಲ್ಲ. ಇನ್ನಾ ಜೋರ್ ಬಂದಿರತೈತಿ.”

ಅವನು ಉಸಿರು ಎಳೆದುಕೊಂಡ. ಹೇಮಾ ಕಣ್ಣು ತೆರೆದಿದ್ದಳು, ಒರಗಿದಲ್ಲಿಂದಲೇ ಅವನನ್ನು ನೋಡುತ್ತಿದ್ದಳು. ಅವನು ಅಣ್ಣನ ಹೆಸರನ್ನು ಕೂಗಿದ. ಇಡೀ ಬಸ್ಸು ತಿರುಗಿ ನೋಡಿತು.

“ಹಾಂ” ಅಂದಳು ಅವ್ವ ಕಣ್ಣು ಮುಚ್ಚಿಕೊಂಡೇ. “ಹಿಂಗ. ಇನ್ನೊಮ್ಮಿ ಅನ್ನು.”